ಹುಬ್ಬು ಎತ್ತಲಿಲ್ಲಂದ್ರ ಪ್ರಶ್ನೆನೇ ಅಲ್ಲ

ಕಲಬುರಗಿ, 11 ಮೇ 2025, ಭಾನುವಾರ

ಮಧ್ಯಾಹ್ನ ಕರೆಂಟ್ ಇಲ್ಲ, ಬಿಸಿಲಂತೂ ಕೇಳಲೇಬ್ಯಾಡ್ರಿ, ಲ್ಯಾಪ್‌ಟಾಪ್ ಎತ್ಕೊಂಡು ಬ್ರಹ್ಮಪುರದಾಗ ಕಾಕಾನ ಮನಿಗೆ ಹೋದೆ. ಸನ್ನೆ ಭಾಷೆ ಕಲಿಸೋ ಸಾಫ್ಟ್‌ವೇರ್ ಮಾಡ್ಲಿಕತ್ತೀನಲ್ಲ, ಅದನ್ನ ಕಾಕುಗೆ ತೋರಿಸ್ಬೇಕಿತ್ತು. ಅವ್ರ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಂಗಿಲ್ಲ. ಅಕಿ ಹಾಸ್ಟೆಲ್‌ನಾಗ ಇದ್ದು ಸನ್ನೆ ಕಲ್ತು ಬಂದು ಈಗ ಬ್ಲೌಸ್ ಹೊಲಿತಾಳ, ಆದ್ರ ಮನಿಯಾಗ ಒಬ್ರಿಗೂ ಅಕಿ ಭಾಷೆ ಬರಂಗಿಲ್ಲ.

ಮೊದಲನೇ ಪಾಠ ಎಬಿಸಿಡಿ. ಎಲ್ಲಾ ಆ್ಯಪ್‌ನಾಗೂ ಅದೇ ಇರ್ತದ. ನಮ್ಮ ದೇಶದ ಸನ್ನೆದಾಗ ಬಹಳಷ್ಟು ಅಕ್ಷರ ಎರಡೂ ಕೈಲೆ ಮಾಡೋದು, ಅಮೆರಿಕದವ್ರಂಗ ಒಂದೇ ಕೈ ಅಲ್ಲ. ನಾ ಹಿಡ್ಕೊಂಡಿರೋ ಚಾರ್ಟಿನಾಗ ಬಲಗೈ ತೋರುಬೆರಳಿಂದ ಎಡಗೈ ಹೆಬ್ಬೆರಳ ತುದಿ ಮುಟ್ಟಿದ್ರ ಎ, ಪಕ್ಕದ ಬೆರಳು ಮುಟ್ಟಿದ್ರ ಇ. ಕ್ಯಾಮೆರಾದಾಗ ಕೈ ಗುರುತಿಸೋ ಮೀಡಿಯಾಪೈಪ್ ಅನ್ನೋ ಸಾಫ್ಟ್‌ವೇರ್ ಒಂದೊಂದು ಕೈಗೆ 21 ಬಿಂದು ಗುರುತಿಸ್ತದ ಖರೆ, ಆದ್ರ ಒಂದು ಕೈ ಇನ್ನೊಂದ್ರ ಮುಂದ ಬಂತಂದ್ರ ಹಿಂದಿನ ಬೆರಳು ಎಲ್ಲದ ಅಂತ ಅಂದಾಜು ಹೊಡಿತದ, ಎ ಮಾಡಿದವ್ರಿಗೆ ಇ ಅಂತದ. ಅದನ್ನೇ ಸರಿ ಮಾಡ್ಕೋತ ಕುಂತಿದ್ದೆ, ಕಾಕು ಒಂದೇ ಮಾತಿಗೆ ಮುಗಿಸಿದ್ರು: "ತಮ್ಮಾ, ನನಗ ಇಂಗ್ಲಿಷ್ ಅಕ್ಷರನೇ ಬರಂಗಿಲ್ಲೋ, ಇದನ್ನ ಕಲ್ತು ಏನ್ ಮಾಡ್ಲಿ? ಅಕಿ ಉಂಡಾಳೋ ಇಲ್ಲೋ ಕೇಳೋದು ಕಲಿಸು."

ಸರಿನೇ ಅದರಿ. ಮನಿ ಮಂದಿಗೆ ಬೇಕಾಗಿದ್ದು ಊಟ, ನೀರು, ತಲಿನೋವು, ಎಲ್ಲಿಗೆ ಹೊಂಟಿ. ಶಬ್ದಕ್ಕೇನು ಕೊರತಿ ಇಲ್ಲ, ದಿಲ್ಲಿಯ ಐಎಸ್‌ಎಲ್‌ಆರ್‌ಟಿಸಿ ಅನ್ನೋ ಸರ್ಕಾರಿ ಸನ್ನೆ ಭಾಷೆ ಕೇಂದ್ರದವ್ರು 2021ರಾಗ 10,000 ಶಬ್ದದ ವಿಡಿಯೋ ನಿಘಂಟು ತಂದಾರ. ಆದ್ರ ನಿಘಂಟು ನೋಡಿ ಯಾರೂ ಮಾತಾಡೋದು ಕಲಿಯಂಗಿಲ್ಲ, ಎದುರಿಗೊಬ್ರು ತಿರುಗಿ ಉತ್ತರ ಕೊಡ್ಬೇಕು. ಇನ್ನ ವಾಕ್ಯ ಜೋಡಿಸೋದು: ಸನ್ನೆದಾಗ ಪ್ರಶ್ನೆ ಶಬ್ದ ಕಡೀಕ್ ಬರ್ತದ, ಅದು ನಮ್ಮ ಕನ್ನಡದವ್ರಿಗೆ ಸಲೀಸು, ನಿನ್ನ ಊರು ಯಾವ್ದು ಅಂದಂಗ. ನಾ ನೋಡಿದ ಕೆಲವು ಪಾಠದಾಗ ಸುಮ್ನ ಇಂಗ್ಲಿಷ್ ವಾಕ್ಯಕ್ಕ ಒಂದೊಂದೇ ಸನ್ನೆ ಜೋಡಿಸಿಟ್ಟಾರ, ನೋಡಿದ್ರ ಸಿಟ್ಟು ಬರ್ತದ.

ಆಮ್ಯಾಲೆ ಕಾಕು ಊಟದ ಸನ್ನೆ ಮಾಡಿದ್ರು, ಬೆರಳು ಕೂಡ್ಸಿ ಬಾಯಿ ಹತ್ರ. ಸ್ಕ್ರೀನಿನ ಮ್ಯಾಗ ಹಸಿರು ಟಿಕ್ ಬಂತು. ಹೊಲಿಗಿ ಮಷೀನ್ ಬಿಟ್ಟು ಎದ್ದು ಬಂದ ಮಗಳು ತಲಿ ಅಲ್ಲಾಡಿಸಿದ್ಳು, ಅವ್ವನ ಎರಡೂ ಹುಬ್ಬಿಗೆ ಬೆರಳು ಹಚ್ಚಿ ಮ್ಯಾಗ ಎತ್ತಿದ್ಳು, ಕುತ್ತಿಗಿ ಒಂಚೂರು ಮುಂದ ಬಗ್ಗಿಸಿದ್ಳು. ಹಂಗ ಮಾಡಿದ್ರ "ಉಂಡ್ಯಾ?", ಇಲ್ಲಂದ್ರ ಬರೇ "ಊಟ". ಕೈ ಮಾತ್ರ ನೋಡಿ ಟಿಕ್ ಕೊಡೋ ಆ್ಯಪ್ ಅರ್ಧ ಭಾಷೆ ಕಲಿಸ್ತದ ಅಷ್ಟೇ. ಮುಖಕ್ಕೂ ಮಾಡೆಲ್ ಅದ, 468 ಬಿಂದು, ಆದ್ರ ಎರಡೂ ಸೇರಿಸಿ ಓಡಿಸಿದ್ರ ಈ ಹಳೇ ಲ್ಯಾಪ್‌ಟಾಪ್ ಕಾದ ಹಂಚು ಆಗ್ತದ, ಕಾಕುನ ಫೋನಂತೂ ದೂರದ ಮಾತು.

ಅದಕ್ಕ ಮಾರ್ಕ್ಸು, ಟಿಕ್ಕು ಸದ್ಯಕ್ಕ ತೆಗೀತೀನಿ. ಎಡಕ್ಕ ಅಕಿ ಪ್ರಶ್ನೆ ಕೇಳೋ ವಿಡಿಯೋ, ಬಲಕ್ಕ ಕನ್ನಡಿಯಂಗ ಕಲಿಯವ್ರ ಮುಖ, ನಿಧಾನ ಮಾಡೋ ಬಟನ್, ಮತ್ತ ಅವ್ರು ಕೊಟ್ಟ ಉತ್ತರದ ಮ್ಯಾಗ ಮುಂದಿನ ಮಾತು. ವಿಡಿಯೋಕ್ಕ ಅಕಿನೇ ಬೇಕು ಅಂದೆ. ಒಪ್ಪಿದ್ಳು, ಒಪ್ಪಿ ಬೆರಳು ತಿಕ್ಕಿ ರೊಕ್ಕ ಅಂದ್ಳು, ಹುಬ್ಬು ಎತ್ತಿ. ಒಂದು ಬ್ಲೌಸಿನ ರೇಟು ಒಂದು ವಿಡಿಯೋಕ್ಕ ಅಂತ ಮಾತಾಗ್ಯದ, ಅಸ್ತರ್ ಇರೋ ಬ್ಲೌಸಿಂದು.