ಅಜ್ಜಿ ಕೇಳಿದ್ದು ಒಂದೇ: ಕಲಾಯಿ ಎಲ್ಲಿ?

ನಾನು ಟೂರ್ ಮ್ಯಾನೇಜರ್. ಬೆಂಗಳೂರಿನಿಂದ ಗುಂಪು ಕಟ್ಟಿಕೊಂಡು ಟರ್ಕಿಗೆ ಹೋಗಿ ಬರೋದು ನನ್ನ ಹೊಟ್ಟೆಪಾಡು. ಮೊದಲ ಎರಡು ವರ್ಷ ಶಾಪಿಂಗ್ ದಿನ ನಾನು ಜನಕ್ಕೆ ಹೇಳುತ್ತಿದ್ದ ಮಾತು ಒಂದೇ: "ಅವರು ಹೇಳಿದ ರೇಟಿಗೆ ಅರ್ಧದಿಂದ ಶುರು ಮಾಡಿ." ಚೌಕಾಸಿಯಲ್ಲಿ ನನ್ನನ್ನು ಬಿಟ್ಟರಿಲ್ಲ ಅಂತ ಜಂಬ ಬೇರೆ.

ಜಂಬ ಇಳಿಸಿದ್ದು ಒಂದು ತಾಮ್ರದ ಜೆಜ್ವೆ. ಉದ್ದ ಹಿಡಿಯ ಪುಟ್ಟ ಪಾತ್ರೆ ಅದು, ಟರ್ಕಿಯವರು ಅದರಲ್ಲೇ ಕಾಫಿ ಕಾಯಿಸುತ್ತಾರೆ. ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರಿನಲ್ಲಿ ಮೈಸೂರಿನ ಒಬ್ಬರಿಗೆ ನಾನೇ ಮುಂದೆ ನಿಂತು ಅರ್ಧಕ್ಕಿಂತ ಕಡಿಮೆಗೆ ಕೊಡಿಸಿದ್ದೆ. ಊರಿಗೆ ಬಂದ ಹದಿನೈದು ದಿನಕ್ಕೆ ಫೋನು. "ಏನ್ ಸಾರ್ ಇದು, ಒಲೆ ಮೇಲಿಟ್ರೆ ವಾಸನೆ, ಒಳಗೆಲ್ಲ ಸಿಪ್ಪೆ ಸಿಪ್ಪೆ ಏಳ್ತಿದೆ." ಫೋಟೊ ನೋಡಿದೆ. ಒಳಗೂ ಹೊರಗೂ ಒಂದೇ ತಾಮ್ರದ ಬಣ್ಣ, ಹೊಳಪಿಗೆ ಮೇಲೆ ಲ್ಯಾಕರ್ ಬಳಿದಿದ್ದಾರೆ. ಶೋಕೇಸಿಗೆ ಮಾಡಿದ ಪಾತ್ರೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಇದರಲ್ಲಿ ಕಾಫಿ ಮಾಡಬಹುದಾ ಅಂತ ನಾವು ಕೇಳೇ ಇರಲಿಲ್ಲ.

ಮುಂದಿನ ಗುಂಪಿನಲ್ಲಿ ಮಂಡ್ಯ ಕಡೆಯ ಒಬ್ಬ ಅಜ್ಜಿ ಇದ್ದರು, ಮೊಮ್ಮಗನ ಜೊತೆ ಬಂದಿದ್ದರು. ಅದೇ ಬಜಾರು, ಅಂಥದ್ದೇ ಅಂಗಡಿ. ಅಜ್ಜಿ ಜೆಜ್ವೆ ಕೈಗೆತ್ತಿಕೊಂಡು ರೇಟು ಕೇಳಲೇ ಇಲ್ಲ. ಒಳಗೆ ಬೆರಳಾಡಿಸಿದರು, ಬೆಳಕಿಗೆ ಹಿಡಿದರು. "ಇದ್ಕೆ ಕಲಾಯಿ ಇಲ್ವಲ್ಲ ಮಗ, ಕಿಲುಬು ಬಿಟ್ಕತದೆ." ನಾನು ಇಂಗ್ಲಿಷಿನಲ್ಲಿ ಹೇಗೆ ಹೇಳೋದು ಅಂತ ತಡಕಾಡುತ್ತಿದ್ದೆ, ಅಷ್ಟರಲ್ಲಿ ಅಂಗಡಿಯವನ ಮುಖ ಅರಳಿತು. "ಕಲಾಯ್! ಕಲಾಯ್!" ಅಂತ ಒಳಗೆ ಓಡಿ ಇನ್ನೊಂದು ತಂದ. ಹೊರಗೆ ಸುತ್ತಿಗೆ ಪೆಟ್ಟಿನ ಸಣ್ಣ ಸಣ್ಣ ಗುಳಿ, ಒಳಗೆ ಬೆಳ್ಳಗೆ ತವರದ ಲೇಪ. ಟರ್ಕಿಷ್‌ನಲ್ಲೂ ತವರಕ್ಕೆ ಕಲಾಯ್ ಅಂತಾನೇ ಹೇಳೋದು, ಕಲಾಯಿ ಹಾಕುವವನು ಕಲಾಯ್ಜಿ! ಅಷ್ಟು ವರ್ಷ ಆ ಊರು ಸುತ್ತಿದವನು ನಾನು, ಗೊತ್ತಾಗಿದ್ದು ಅವತ್ತು.

ಬೆಲೆ ಮೊದಲಿನದಕ್ಕಿಂತ ಜಾಸ್ತಿಯೇ ಇತ್ತು. ಅಜ್ಜಿ ಸ್ವಲ್ಪ ಇಳಿಸಿ ತಗೊಂಡರು.

ಅವತ್ತಿನಿಂದ ನಾನು ಬಸ್ಸಿನಲ್ಲಿ ಮೈಕ್ ಹಿಡಿದು ಹೇಳೋ ಮಾತೇ ಬೇರೆ. ಮೊದಲು ವಸ್ತುವಿನ ಹೊಟ್ಟೆ ನೋಡಿ, ಬೆನ್ನು ನೋಡಿ, ಆಮೇಲೆ ರೇಟು. ಕಾರ್ಪೆಟ್ ಆದರೆ ಮಗುಚಿ ಹಾಕಿಸಿ. ಕೈನೇಯ್ಗೆಯದ್ದರಲ್ಲಿ ಮೇಲಿನ ಚಿತ್ತಾರ ಹಿಂಭಾಗದಲ್ಲೂ ಗಂಟು ಗಂಟಾಗಿ ಸ್ಪಷ್ಟವಾಗಿ ಕಾಣುತ್ತೆ, ಅಂಚಿನ ಕುಚ್ಚು ಹಾಸಿನ ದಾರದ್ದೇ ಮುಂದುವರಿಕೆ. ಕುಚ್ಚನ್ನು ಬೇರೆ ತಂದು ಹೊಲಿದಿದ್ದರೆ ಮಿಷನ್ನಿನದು ಅಂತ ಅನುಮಾನ ಪಡಿ. ಕಿಲಿಮ್ ಅಂದರೆ ಬೇರೆ, ಅದಕ್ಕೆ ಮೇಲೆ ಎದ್ದ ಜುಂಗು ಇರಲ್ಲ, ನಮ್ಮ ಜಮಖಾನೆ ತರ ಚಪ್ಪಟೆ ನೇಯ್ಗೆ. ಕುತಾಹ್ಯ, ಇಜ್ನಿಕ್ ಅಂದರೆ ಬಣ್ಣದ ಚಿತ್ತಾರದ ಪಿಂಗಾಣಿಗೆ ಹೆಸರಾದ ಊರುಗಳು, ಆ ಶೈಲಿಯ ತಟ್ಟೆ ಕೊಳ್ಳೋರು ಒಂದೇ ಚಿತ್ರದ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಗೆರೆ ಒಂದಿಷ್ಟೂ ಆಚೀಚೆ ಇಲ್ಲದಿದ್ದರೆ ಅದು ಪ್ರಿಂಟು. ಊಟಕ್ಕಾಗುತ್ತಾ, ಗೋಡೆಗೆ ಮಾತ್ರವಾ ಅಂತ ಬಾಯಿಬಿಟ್ಟು ಕೇಳಿ. ಯಾರಾದರೂ ಗುಟ್ಟಾಗಿ "ತುಂಬಾ ಹಳೇದು, ನೂರಾರು ವರ್ಷದ್ದು" ಅಂದರೆ ಅಲ್ಲಿಂದ ಎದ್ದು ಬನ್ನಿ, ಪುರಾತನ ವಸ್ತು ದೇಶದಾಚೆ ಸಾಗಿಸೋದು ಅಲ್ಲಿ ಅಪರಾಧ.

ಕಾರ್ಪೆಟ್ ಅಂಗಡಿಗೆ ಗುಂಪು ಕರೆದುಕೊಂಡು ಹೋದರೆ ನಮ್ಮ ಲೈನಿನಲ್ಲಿ ಕಮಿಷನ್ ಬರುತ್ತೆ. ಇಲ್ಲ ಅಂತ ನಾಟಕ ಆಡಲ್ಲ. ಈಗ ಅದನ್ನೂ ಬಸ್ಸಿನಲ್ಲೇ ಹೇಳಿಬಿಡುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಬಸ್ಸಿನಿಂದ ಇಳಿಯೋದೇ ಇಲ್ಲ, ಇರಲಿ.

ಕಪಾಲಿಚಾರ್ಶಿ ಅಂತಾರೆ ಅವರು ಗ್ರ್ಯಾಂಡ್ ಬಜಾರಿಗೆ, ಅಂದ್ರೆ ಸೂರು ಹಾಕಿದ ಪೇಟೆ. 1450ರ ದಶಕದಲ್ಲಿ ಕಟ್ಟೋಕೆ ಶುರುವಾದದ್ದು, ಸುಮಾರು 4,000 ಅಂಗಡಿ, ಭಾನುವಾರ ಬಾಗಿಲು ಹಾಕಿರುತ್ತೆ. ನಾನು ಬೆಳಿಗ್ಗೆ ಬೇಗ ಹೋಗೋಣ ಅನ್ನುತ್ತೇನೆ. ರಶ್ಶು ಕಡಿಮೆ ಅನ್ನೋದು ಒಂದು, ಇನ್ನೊಂದು ಬೋಣಿ. ಅವರಲ್ಲಿ ಅದಕ್ಕೆ ಸಿಫ್ತಾ ಅಂತಾರೆ. ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸೋಕೆ ಅವರಿಗೂ ಮನಸ್ಸು ಬರಲ್ಲ, ಥೇಟ್ ನಮ್ಮ ಚಿಕ್ಕಪೇಟೆ ತರ. ಹಾಗಂತ ಕೊಳ್ಳೋ ಮನಸ್ಸಿಲ್ಲದೆ ಬೋಣಿ ಹೊತ್ತಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ, ಅವರು ಕೊಟ್ಟ ಟೀ ಕುಡಿದು ಎದ್ದು ಬರಬೇಡಿ. ಒಮ್ಮೆ ನಮ್ಮ ಗುಂಪಿನವರು ಹಾಗೆ ಮಾಡಿದರು, ಆ ಅಂಗಡಿ ಮುಂದೆ ಹಾಯೋಕೆ ನನಗೆ ಇವತ್ತಿಗೂ ಮುಜುಗರ.

ಮೈಸೂರಿನವರ ಜೆಜ್ವೆಯನ್ನು ಕೊನೆಗೆ ನಾನೇ ಇಸ್ಕೊಂಡು ಬಂದೆ. ಕಲಾಯಿ ಹಾಕುವ ಒಬ್ಬರು ವಯಸ್ಸಾದವರು ಹುಡುಕಿ ಹುಡುಕಿ ಸಿಕ್ಕಿದರು. ಲ್ಯಾಕರ್ ಸುಟ್ಟು ಕೆರೆದು, ಕೆಂಡದ ಮೇಲೆ ಕಾಯಿಸಿ, ನವಸಾಗರ ಎರಚಿ, ತವರ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ಒರೆಸಿದರು. ಕ್ಷಣದಲ್ಲಿ ಒಳಗೆಲ್ಲ ಬೆಳ್ಳಗಾಯಿತು. ಮುನ್ನೂರು ರೂಪಾಯಿ ಅಂದರು. ಕೊಟ್ಟು ಬಂದೆ.