ನೂರರ ನೋಟಿನ ಪೆಟ್ಟಿಗೆ

ಆಡಿಟ್ ಕ್ವೆರಿಗೆ ಉತ್ತರ ಬರೆಯುವುದು ನನಗೆ ಹೊಸದಲ್ಲ. ಆದರೂ 2023ರ ಏಪ್ರಿಲ್‌ನಲ್ಲಿ ಬಂದ ಒಂದು ಕ್ವೆರಿ ಎರಡು ದಿನ ನನ್ನ ಮೇಜಿನ ಮೇಲೆಯೇ ಬಿದ್ದಿತ್ತು. 'ಜನವರಿ 9ರ ಬ್ಯಾಂಕ್ ಜಮಾದಲ್ಲಿ 2 ಲಕ್ಷ ನೈರಾ ಕಡಿಮೆ ಏಕೆ?' ನಿಜವಾದ ಉತ್ತರ ಒಂದೇ ಸಾಲಿನದು: ನಾನು ಕೊಟ್ಟ ಆದೇಶವನ್ನು ನಮ್ಮ ಕ್ಯಾಷಿಯರ್ ಮೇಡಂ ಪಾಲಿಸಲಿಲ್ಲ. ಅವರು ಪಾಲಿಸದೆ ಇದ್ದದ್ದೇ ಒಳ್ಳೆಯದಾಯಿತು ಎಂಬುದನ್ನು ಯಾವ ಕಾಲಂನಲ್ಲಿ ಬರೆಯಲಿ?

ನೈಜೀರಿಯಾದ ಲಾಗೋಸಿನ ಒಂದು ವಿತರಣಾ ಕಂಪನಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬಿಸ್ಕತ್ತು, ಸಾಬೂನು, ನೂಡಲ್ಸ್. ಇಬಾದಾನ್, ಅಬೆಯೊಕುಟಾ ಕಡೆಗೆ ದಿನಕ್ಕೆ ಆರೇಳು ಲಾರಿ. ಅದಕ್ಕೂ ಮೊದಲು ಹುಬ್ಬಳ್ಳಿಯ ಡಿಪೊ ಒಂದರಲ್ಲಿದ್ದೆ. ಹಾಗಾಗಿ 2022ರ ಅಕ್ಟೋಬರ್ 26ರಂದು ಇಲ್ಲಿನ ಸೆಂಟ್ರಲ್ ಬ್ಯಾಂಕಿನ ಗವರ್ನರ್ ಗಾಡ್ವಿನ್ ಎಮೆಫಿಯೆಲೆ 200, 500, 1000ದ ನೋಟುಗಳನ್ನು ಬದಲಾಯಿಸುವುದಾಗಿ ಘೋಷಿಸಿದಾಗ ಕಚೇರಿಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನೋಟು ರದ್ದತಿಯನ್ನು ಕಣ್ಣಾರೆ ಕಂಡವನು ಅಲ್ಲಿ ನಾನೊಬ್ಬನೇ. ಒಳಗೊಳಗೇ ಬೀಗಿದೆ.

ಬೀಗಲು ಕಾರಣಗಳೂ ಇದ್ದವು. ನಮ್ಮಲ್ಲಿ ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ರದ್ದು ಮಾಡಿದ್ದರು. ಇಲ್ಲಿ ಜನವರಿ 31ರವರೆಗೆ ಮೂರು ತಿಂಗಳ ಗಡುವು. ನಮ್ಮಲ್ಲಿ ಆಗ ಯುಪಿಐ ಹುಟ್ಟಿ ಕಣ್ಣು ಬಿಡುತ್ತಿತ್ತು. ಇಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಕ್ಷಣದಲ್ಲಿ ಹಣ ಹೋಗುವ ವ್ಯವಸ್ಥೆ 2011ರಿಂದಲೇ ಇದೆ. ತರಕಾರಿ ಮಾರುವವಳೂ ಅಕೌಂಟ್ ನಂಬರ್ ಬರೆದ ರಟ್ಟು ತೂಗುಹಾಕಿರುತ್ತಾಳೆ. ಚಲಾವಣೆಯ ನೋಟಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಬ್ಯಾಂಕಿನ ಹೊರಗಿದೆ, ಅದನ್ನು ಒಳಗೆ ತರಬೇಕು, ಕಳ್ಳನೋಟು ಮತ್ತು ಅಪಹರಣದ ಸುಲಿಗೆ ಹಣ ನಿಲ್ಲಬೇಕು ಎಂದು ಎಮೆಫಿಯೆಲೆ ಹೇಳಿದ್ದು ನನಗೆ ಹುಬ್ಬಳ್ಳಿಯಲ್ಲಿ ಕೇಳಿದ್ದರ ತರ್ಜುಮೆಯಂತೆ ಕಂಡಿತು. ಎರಡು ತಿಂಗಳು ಗೋಳು, ಆಮೇಲೆ ಎಲ್ಲವೂ ಸರಿ ಎಂದು ಲೆಕ್ಕ ಹಾಕಿದೆ.

ಮ್ಯಾನೇಜ್‌ಮೆಂಟಿಗೆ ಒಂದು ಮೇಲ್ ಕಳಿಸಿದೆ. ಇಂಪ್ರೆಸ್ಟ್, ಅಂದರೆ ಸಣ್ಣಪುಟ್ಟ ಖರ್ಚಿಗೆ ಕೈಯಲ್ಲಿಡುವ ನಗದು, ಪೂರ್ತಿ ಬ್ಯಾಂಕಿಗೆ, ಚಾಲಕರಿಗೆ ಡೆಬಿಟ್ ಕಾರ್ಡ್, ಜನವರಿ 9ರಿಂದ ಗೋದಾಮಿನಲ್ಲಿ ನಗದು ಶೂನ್ಯ. ಅದೇ ದಿನದಿಂದ ಹಣ ಹಿಂಪಡೆಯುವ ಮಿತಿಯೂ ಜಾರಿಗೆ ಬರುವುದಿತ್ತು. ಕಂಪನಿಗಳಿಗೆ ವಾರಕ್ಕೆ 5 ಲಕ್ಷ ಎಂದು ಮೊದಲು ಹೇಳಿ, ಗಲಾಟೆಯಾದ ಮೇಲೆ 50 ಲಕ್ಷಕ್ಕೆ ಏರಿಸಿದ್ದರು. ಹೆಡ್ ಆಫೀಸಿನವರಿಗೆ ನನ್ನ ಮೇಲ್ ಎಷ್ಟು ಹಿಡಿಸಿತೆಂದರೆ ಅದಕ್ಕೊಂದು ಡ್ಯಾಶ್‌ಬೋರ್ಡ್ ಮಾಡಿಸಿದರು. ನಗದು ಶೂನ್ಯವೆಂದು ತುಂಬಿದರೆ ಹಸಿರು ಗುರುತು. ಅಲ್ಲಿಂದ ನನ್ನ ಬೆಳಗು ಶುರುವಾಗುತ್ತಿದ್ದದ್ದೇ ಆ ಹಸಿರು ಗುರುತಿನಿಂದ. ಪೆಟ್ಟಿಗೆ ತೆರೆದು ಎಣಿಸಲಿಲ್ಲ. ಸೊನ್ನೆ ಒತ್ತಿದೆ, ಚಹಾ ಕುಡಿದೆ.

ಡಿಸೆಂಬರ್‌ನಲ್ಲೇ ಮೇಡಂ ಬಂದು, "ಓಗಾ, ನೂರರ ನೋಟು ಬದಲಾಗುತ್ತಿಲ್ಲ. ಸ್ವಲ್ಪ ಇಟ್ಟುಕೊಳ್ಳೋಣ" ಎಂದಿದ್ದರು. ಓಗಾ ಎಂದರೆ ಇಲ್ಲಿ ಸಾಹೇಬ. ನಾನು ನಕ್ಕೆ. ನೂರು ನೈರಾಕ್ಕೆ ಒಂದು ಬಾಟಲಿ ತಂಪು ಪಾನೀಯವೂ ಬರುವುದಿಲ್ಲ; ಅದನ್ನು ಕಟ್ಟುಕಟ್ಟಾಗಿ ಎಣಿಸುತ್ತ ಕೂರುವವರು ಯಾರು? ಅವರು ವಾದ ಮಾಡಲಿಲ್ಲ. 2022ರಲ್ಲಿ ಅಧ್ಯಕ್ಷರಾಗಿದ್ದ ಇದೇ ಬುಹಾರಿ 1984ರಲ್ಲಿ, ಮಿಲಿಟರಿ ಆಡಳಿತಗಾರರಾಗಿದ್ದಾಗ, ನೋಟಿನ ಬಣ್ಣ ಬದಲಾಯಿಸಿದಾಗ ತಮ್ಮ ಅಮ್ಮನ ಬಟ್ಟೆ ವ್ಯಾಪಾರದ ದುಡ್ಡು ಹಾಸಿಗೆಯ ಕೆಳಗೇ ಕಾಗದವಾಯಿತು ಎಂದಷ್ಟೇ ಹೇಳಿ ಹೊರಟರು.

ಈಗಲೂ ನನ್ನನ್ನು ಚುಚ್ಚುವುದು ಆ ನಗು. 2016ರ ನವೆಂಬರ್‌ನಲ್ಲಿ ಹಮಾಲರ ಕೂಲಿ ಕೊಡಲು ನೂರರ ನೋಟಿಗಾಗಿ ಪರಿಚಯದ ಕಿರಾಣಿ ಅಂಗಡಿಯ ಮುಂದೆ ಕೈಕಟ್ಟಿ ನಿಂತಿದ್ದವನು ನಾನೇ. ಆ ಎರಡು ತಿಂಗಳು ನನ್ನ ಮಾನ ಉಳಿಸಿದ್ದು ಅದೇ ನೂರರ ನೋಟು. ನೆನಪಿನಲ್ಲಿ ಉಳಿಯಬೇಕಾದದ್ದು ಅದೊಂದೇ. ಅದನ್ನೇ ಬಿಟ್ಟು ಉಳಿದದ್ದನ್ನೆಲ್ಲ ಲಾಗೋಸಿಗೆ ಹೊತ್ತು ತಂದಿದ್ದೆ.

ಜನವರಿ ಕೊನೆಗೆ ಹಳೆಯ ನೋಟು ಬ್ಯಾಂಕಿಗೆ ಹೋಯಿತು, ಹೊಸ ನೋಟು ಹೊರಗೆ ಬರಲಿಲ್ಲ. ಗಡುವು ಫೆಬ್ರವರಿ 10ಕ್ಕೆ ಹೋಯಿತು. ಕಾರ್ಡ್ ಉಜ್ಜಿಸಿಕೊಂಡು ನಗದು ಕೊಡುವ ಪಿಒಎಸ್ ಏಜೆಂಟರು 10,000 ಕೊಡಲು 2,000 ಕೇಳತೊಡಗಿದರು. ಸಾಲದ್ದಕ್ಕೆ ಪೆಟ್ರೋಲ್ ಅಭಾವ ಬೇರೆ. ನಗದಿಲ್ಲದ ಇಡೀ ದೇಶ ಒಮ್ಮೆಲೇ ಟ್ರಾನ್ಸ್‌ಫರ್‌ಗೆ ಮುಗಿಬಿದ್ದಾಗ, ನಾನು ಅಷ್ಟೊಂದು ನಂಬಿದ್ದ ವ್ಯವಸ್ಥೆ ಏದುಸಿರು ಬಿಡತೊಡಗಿತು.

ಫೆಬ್ರವರಿ 3, ಶುಕ್ರವಾರ. ಇಬಾದಾನಿನಲ್ಲಿ ಜನ ಬೀದಿಗಿಳಿದಿದ್ದರು. ನಮ್ಮ ಲಾರಿ ಲಾಗೋಸ್ ದಾಟುವ ಮೊದಲು ಬರ್ಜರ್ ಬಳಿಯ ಬಂಕಿನಲ್ಲಿ 200 ಲೀಟರ್ ಡೀಸೆಲ್ ಹಾಕಿಸಿತ್ತು. ಲೀಟರಿಗೆ 800ರಂತೆ 1,60,000 ನೈರಾ. ಬಾಬಾ, ನಮ್ಮ ಚಾಲಕರಲ್ಲೇ ಹಿರಿಯ, ಫೋನ್ ಮಾಡಿದ. "ಓಗಾ, ಕಾರ್ಡ್ ನಡೆಯುತ್ತಿಲ್ಲ. ನೆಟ್‌ವರ್ಕ್ ನೋ ಡೇ." ನೆಟ್‌ವರ್ಕ್ ಇಲ್ಲವಂತೆ. ಪರವಾಗಿಲ್ಲ ಎಂದು ನಾನೇ ಆ್ಯಪ್‌ನಿಂದ ಕಳಿಸಿದೆ. ನನ್ನ ಖಾತೆಯಿಂದ ಹಣ ಹೋಯಿತು. ಬಂಕಿಗೆ ಹಣ ಬಂದಿತೆಂಬ ಅಲರ್ಟ್ ಬರಲಿಲ್ಲ.

ಐದು ನಿಮಿಷ, ಹತ್ತು ನಿಮಿಷ. ಬ್ಯಾಂಕಿನ ಸಹಾಯವಾಣಿಯಲ್ಲಿ ಸಂಗೀತ. ಬಾಬಾನ ಫೋನಿನಲ್ಲಿ ಹಾರ್ನ್‌ಗಳ ಸದ್ದು ದಪ್ಪವಾಗುತ್ತಿತ್ತು; ಹಿಂದೆ ಸಾಲಾಗಿ ನಿಂತ ಲಾರಿಗಳು. ಬಂಕಿನ ಮ್ಯಾನೇಜರ್ ಲಾರಿಯ ಕೀಲಿ ಕಿತ್ತುಕೊಂಡಿದ್ದ. ಯಾರೋ ಟಾರ್ಪಾಲಿನ್ ಎಳೆದು ಒಳಗೇನಿದೆ ಎಂದು ನೋಡುತ್ತಿದ್ದಾರೆ ಎಂದು ಬಾಬಾ ತಗ್ಗಿದ ದನಿಯಲ್ಲಿ ಹೇಳಿದ. ಒಳಗಿದ್ದದ್ದು 900 ಕಾರ್ಟನ್ ನೂಡಲ್ಸ್.

ಆಗ ನಾನು ಮಾಡಿದ ಕೆಲಸವನ್ನು ಹೊಸದಾಗಿ ಸೇರಿದ ಟ್ರೈನಿಯೂ ಮಾಡುವುದಿಲ್ಲ. ಮತ್ತೊಮ್ಮೆ 1,60,000 ಕಳಿಸಿದೆ. ಅದೂ ಖಾತೆಯಿಂದ ಹೋಯಿತು. ಅದಕ್ಕೂ ಅಲರ್ಟ್ ಇಲ್ಲ. ಎರಡೂ ಸೇರಿ 3,20,000 ನೈರಾ ಎಲ್ಲೋ ಆಕಾಶದಲ್ಲಿ. ಕೈ ನಡುಗುತ್ತಿತ್ತು, ಮೂರನೆಯ ಸಲಕ್ಕೆ ಬೆರಳು ಹೋಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಎದುರಿನ ಪರದೆಯಲ್ಲಿ ಡ್ಯಾಶ್‌ಬೋರ್ಡ್ ಮಾತ್ರ ಹಸಿರಾಗಿಯೇ ಇತ್ತು.

ಮೇಡಂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋಗಿ, ಬಿಸ್ಕತ್ತಿನ ಒಂದು ಕಾರ್ಟನ್ ತಂದು ನನ್ನ ಮೇಜಿನ ಮೇಲಿಟ್ಟು, ಟೇಪ್ ಕಿತ್ತರು. ನೂರರ ನೋಟು. ಸಂತೆಯ ಹೆಂಗಸರಿಂದ ಬಂದದ್ದು. ಮೆಣಸಿನಕಾಯಿ, ಒಣಮೀನು ಎರಡರ ವಾಸನೆಯೂ ಇತ್ತು. ಹದಿನಾರು ಕಟ್ಟು ಎಣಿಸಿ ಡಿಸ್ಪ್ಯಾಚ್ ಬೈಕಿನ ಹುಡುಗನ ಚೀಲಕ್ಕೆ ತುಂಬಿದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಐವತ್ತು ನಿಮಿಷದ ನಂತರ ಬಾಬಾ ಕೀಲಿ ಸಿಕ್ಕಿತೆಂದು ಫೋನ್ ಮಾಡಿದ.

ಮರುದಿನ ಬಂಕಿಗೆ ಎರಡು ಅಲರ್ಟ್‌ಗಳೂ ಒಟ್ಟಿಗೇ ತಲುಪಿದವು. ಅಂದರೆ ಒಂದು ಟ್ಯಾಂಕ್ ಡೀಸೆಲ್‌ಗೆ ನಾವು ಮೂರು ಸಲ ದುಡ್ಡು ಕೊಟ್ಟಿದ್ದೆವು. ಹಣ ವಾಪಸ್ ಕೊಡುವುದಿಲ್ಲ, ಡೀಸೆಲ್ ಹಾಕಿಸಿಕೊಂಡು ತೀರಿಸಿಕೊಳ್ಳಿ ಎಂದ ಮ್ಯಾನೇಜರ್. ಆ ಲೆಕ್ಕದ ತಾಳೆ ಮೇ ತಿಂಗಳವರೆಗೆ ಎಳೆಯಿತು.

ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಹಳೆಯ ನೋಟುಗಳು ಡಿಸೆಂಬರ್ 31ರವರೆಗೆ ನಡೆಯುತ್ತವೆ ಎಂದು ತೀರ್ಪು ಕೊಟ್ಟಿತು. ಬ್ಯಾಂಕುಗಳು ಹಳೆಯ ನೋಟನ್ನೇ ಮತ್ತೆ ಜನರಿಗೆ ಹಂಚಿದವು. ಅಕ್ಟೋಬರ್‌ನಲ್ಲಿ 3 ಲಕ್ಷ ಕೋಟಿ ನೈರಾ ಮೀರಿದ್ದ ಚಲಾವಣೆಯ ನೋಟು ಫೆಬ್ರವರಿ ಕೊನೆಗೆ 1 ಲಕ್ಷ ಕೋಟಿಗಿಂತ ಕೆಳಗಿಳಿದಿತ್ತು. ಆ ತ್ರೈಮಾಸಿಕದಲ್ಲಿ ದೇಶದ ಬೆಳವಣಿಗೆ ಶೇ 3.52ರಿಂದ 2.31ಕ್ಕೆ ಕುಸಿಯಲು ನಗದಿನ ಬರವೂ ಕಾರಣವೆಂದು ಸರ್ಕಾರದ ಅಂಕಿಅಂಶ ಸಂಸ್ಥೆಯೇ ಹೇಳಿತು. ಜೂನ್‌ನಲ್ಲಿ ಹೊಸ ಅಧ್ಯಕ್ಷರು ಎಮೆಫಿಯೆಲೆ ಅವರನ್ನು ಅಮಾನತು ಮಾಡಿದರು. ನಮ್ಮ ಡ್ಯಾಶ್‌ಬೋರ್ಡನ್ನು ಮಾತ್ರ ಯಾರೂ ಅಮಾನತು ಮಾಡಿಲ್ಲ, ಈಗಲೂ ದಿನಾ ತುಂಬಬೇಕು. ಒಂದೇ ವ್ಯತ್ಯಾಸ: ನಾನು ಮೊದಲು ಪೆಟ್ಟಿಗೆ ಎಣಿಸುತ್ತೇನೆ.

ಆ ಕ್ವೆರಿಗೆ ಕೊನೆಗೂ ಉತ್ತರ ಬರೆದೆ. ಜಮಾ ಮಾಡದೆ ಉಳಿಸಿದ 2 ಲಕ್ಷಕ್ಕೆ ಹೊಣೆ ನನ್ನದೇ, ಅದರಲ್ಲಿ 1,60,000 ತುರ್ತು ಡೀಸೆಲ್‌ಗೆ ಖರ್ಚಾಗಿದೆ ಎಂದು ಟೈಪ್ ಮಾಡಿ, ಕಳಿಸುವ ಮೊದಲು ಮೇಡಂಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

"1,60,500, ಓಗಾ. ಬೈಕಿನ ಹುಡುಗನ ಊಟಕ್ಕೆ 500 ಕೊಟ್ಟಿದ್ದೆ. ವೋಚರ್ ಇದೆ."