ಉಣಕಲ್ ಕೆರೆಯ ಬಳಿ ಕಂಡ ಗೆಳೆಯನ ಕಾರು

ಇಂದು ಸಂಜೆ ಧಾರವಾಡದ ಜ್ಯುಬಿಲಿ ಸರ್ಕಲ್ಲಿನಲ್ಲಿ ಗೆಳೆಯನ ಕಾರು ಹತ್ತಲು ಒಲ್ಲೆನೆಂದು, ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವ ಬಿಆರ್‌ಟಿಎಸ್‌ನ ಚಿಗರಿ ಬಸ್ ಹಿಡಿದು ಹುಬ್ಬಳ್ಳಿಯತ್ತ ಹೊರಟೆ. ಉಣಕಲ್ ಕೆರೆ ಸಮೀಪಿಸುತ್ತಿದ್ದಂತೆ ಕಿಟಕಿಯಾಚೆ ನೋಡಿದರೆ, ನನಗಿಂತ ಮೊದಲೇ ಹೊರಟಿದ್ದ ಅದೇ ಕಾರು, ಕೆಂಪು ದೀಪಗಳ ಉದ್ದನೆಯ ಸಾಲಿನ ನಡುವೆ ನಿಂತಿತ್ತು. ನಮ್ಮ ಬಸ್ಸು ವೇಗವನ್ನೇನೂ ಹೆಚ್ಚಿಸದೆ, ತನಗೆಂದೇ ಬಿಟ್ಟ ದಾರಿಯಲ್ಲಿ ಅದನ್ನು ದಾಟಿ ಮುಂದೆ ಹೋಯಿತು. ಕೈ ಬೀಸಿದೆ, ಅವನು ನೋಡಲಿಲ್ಲ.

ರಸ್ತೆಯ ನಟ್ಟನಡುವೆ ಬಸ್ಸಿಗೆ ಮಾತ್ರ ಮೀಸಲಾದ ಈ ದಾರಿ 2018ರಲ್ಲಿ ಬಳಕೆಗೆ ಬಂದಾಗ, ಇಷ್ಟು ಜಾಗ ಖಾಲಿ ಬಿದ್ದಿರುತ್ತದಲ್ಲ ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಆದರೆ ಖಾಲಿಯಾಗಿ ಕಾಣುವುದೇ ಅದರ ಕೆಲಸವೆಂಬುದು ಬಸ್ಸಿನೊಳಗೆ ಕುಳಿತಾಗಷ್ಟೇ ಹೊಳೆಯುತ್ತದೆ: ಒಂದು ಬಸ್ಸಿನಲ್ಲಿ ಐವತ್ತು ಅರವತ್ತು ಜನ ಸಾಗಿಹೋದ ಮೇಲೆ ಆ ಜಾಗ ಮತ್ತೆ ಬರಿದಾಗುತ್ತದೆ, ಪಕ್ಕದಲ್ಲಿ ಅಷ್ಟೇ ಜನ ನಲವತ್ತು ಕಾರುಗಳಲ್ಲಿ ಕುಳಿತು ರಸ್ತೆಯನ್ನು ತುಂಬಿಕೊಂಡಿರುತ್ತಾರೆ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿದ್ದು, ಟಿಕೆಟ್ಟನ್ನು ಹೊರಗೇ ಪಡೆಯುವುದರಿಂದ, ನಿಲ್ಲುವ ಹೊತ್ತೂ ಕಡಿಮೆ. ನವನಗರದಲ್ಲಿ ಮೊಣಕಾಲು ನೋವಿನ ಅಜ್ಜಿಯೊಬ್ಬರು ಕೋಲೂರಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಮನೆಯ ಪಡಸಾಲೆಗೆ ಬಂದಷ್ಟು ಸಲೀಸಾಗಿ ಒಳಗೆ ಬಂದರು. (ರಸ್ತೆಯ ನಡುವಿನ ಆ ನಿಲ್ದಾಣ ತಲುಪಲು ಅವರು ಎಷ್ಟು ವಾಹನಗಳನ್ನು ತಪ್ಪಿಸಬೇಕಾಯಿತೋ, ಅದು ಬೇರೆ ಮಾತು.)

ವಿದ್ಯಾನಗರ ದಾಟಿ ಹೊಸೂರಿನಲ್ಲಿ ಇಳಿದು ಚಹಾ ಮುಗಿಸುವಷ್ಟರಲ್ಲಿ ಗೆಳೆಯನ ಫೋನ್ ಬಂತು: "ಎಲ್ಲಿ ಅದಿಯೋ ಮಾರಾಯಾ? ನಾ ಇನ್ನೂ ವಿದ್ಯಾನಗರದಾಗ ಅದೀನಿ."